ಅಕ್ಕನ ಪಾಲು, ಅಣ್ಣನ ಪಾಲು, ಬ್ಯಾಂಕಿನ ಸಾಲ

ಮೈಸೂರಿನ ಕುವೆಂಪುನಗರದಲ್ಲಿ 30×40 ಸೈಟಿನ ಮೇಲೆ ಅಪ್ಪ ಕಟ್ಟಿಸಿದ ಮನೆ ನಮ್ಮದು. ಸೈಟು 1984ರಲ್ಲಿ, ಆಗ ಊರಿನಲ್ಲಿ ಸೈಟು ಹಂಚುತ್ತಿದ್ದ ಸರ್ಕಾರಿ ಮಂಡಳಿ ಸಿಐಟಿಬಿಯಿಂದ ಬಂದದ್ದು. ಕೆಳಗಿನ ಮನೆ 1987ರದು, ಮಹಡಿ 1999ರದು. ಅಪ್ಪ 2019ರಲ್ಲಿ ತೀರಿಕೊಂಡರು. ವಿಲ್ ಬರೆದಿರಲಿಲ್ಲ. ಆಮೇಲೆ ಐದು ವರ್ಷ ನಾವ್ಯಾರೂ ಮನೆಯ ವಿಷಯ ಎತ್ತಲೇ ಇಲ್ಲ. ನಾನು, ನನ್ನ ಹೆಂಡತಿ, ಮಗಳು ಅಮ್ಮನ ಜೊತೆ ಅಲ್ಲೇ ಇದ್ದೆವು. ಅಕ್ಕ ಹಾಸನದಲ್ಲಿ, ಅಣ್ಣ ಪುಣೆಯಲ್ಲಿ. ಮನೆಯ ಖಾತೆ ಅಪ್ಪನ ಹೆಸರಿನಲ್ಲೇ ಇತ್ತು, ಕಂದಾಯವನ್ನೂ ಅಪ್ಪನ ಹೆಸರಿನಲ್ಲೇ ಕಟ್ಟುತ್ತಿದ್ದೆ.

2024ರ ದೀಪಾವಳಿಗೆ ಬಂದಾಗ ಅಣ್ಣ ವಿಷಯ ಎತ್ತಿದ. "ಪುಣೆಯಲ್ಲಿ ಫ್ಲ್ಯಾಟ್ ನೋಡ್ತಿದ್ದೀನಿ ಕಣೋ. ನನ್ನ ಪಾಲು ಅಂತ ಏನಾದ್ರೂ ಬಂದ್ರೆ ಅನುಕೂಲ ಆಗುತ್ತೆ." ಇಷ್ಟು ಹೇಳುವುದಕ್ಕೆ ಅವನು ಮೂರು ದಿನ ಕಾದಿದ್ದ ಅಂತ ಅತ್ತಿಗೆ ಆಮೇಲೆ ಹೇಳಿದರು. ನನಗೆ ಸಿಟ್ಟು ಬರಲಿಲ್ಲ, ಭಯ ಆಯಿತು. ಮನೆ ಮಾರಬೇಕಾಗುತ್ತಾ? ಎಪ್ಪತ್ತೊಂದು ವರ್ಷದ ಅಮ್ಮನನ್ನು ಬಾಡಿಗೆ ಮನೆಗೆ ಕರೆದುಕೊಂಡು ಹೋಗಬೇಕಾ? ಆ ರಾತ್ರಿ ನಿದ್ದೆ ಬರಲಿಲ್ಲ.

ಮರುವಾರ ಗೊತ್ತಿದ್ದ ವಕೀಲರೊಬ್ಬರ ಹತ್ತಿರ ಹೋದೆ. ಅವರು ಲೆಕ್ಕವನ್ನು ಸರಳವಾಗಿ ಹೇಳಿದರು. ಇದು ಅಪ್ಪನ ಸ್ವಯಾರ್ಜಿತ ಆಸ್ತಿ. ವಿಲ್ ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿಗೂ ಮಕ್ಕಳಿಗೂ ಸಮಪಾಲು. ಅಮ್ಮ, ಅಕ್ಕ, ಅಣ್ಣ, ನಾನು, ನಾಲ್ವರಿಗೂ ನಾಲ್ಕನೇ ಒಂದು. ಒಬ್ಬ ವಾರಸುದಾರ ತನ್ನ ಪಾಲು ಮಾರಬೇಕೆಂದರೆ ಅದನ್ನು ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರದ್ದು, ಅದೂ ಅದೇ ಕಾಯ್ದೆಯ 22ನೇ ಸೆಕ್ಷನ್‌ನಲ್ಲಿದೆ. "ಹೊರಗಿನವರು ಹೀಗೆ ಪಾಲು ಮಾತ್ರ ಕೊಂಡ್ರೆ ಮನೆಯೊಳಗೆ ಬಂದು ನಿಮ್ಮ ಜೊತೆ ಇರೋ ಹಕ್ಕು ಅವರಿಗೆ ಸಿಗಲ್ಲ. ಹಾಗಾಗಿ ಹೊರಗೆ ಯಾರೂ ಇದನ್ನ ಕೊಳ್ಳಲ್ಲ. ನೀವೇ ಕೊಳ್ಳಿ" ಎಂದರು. ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಇಡೀ ಮನೆ ಮಾರಬೇಕಾಗಿಲ್ಲ, ಅಣ್ಣನ ಪಾಲನ್ನು ನಾನೇ ಸಾಲ ಮಾಡಿ ಕೊಳ್ಳಬಹುದು.

ಅಣ್ಣನ ಪಾಲು ಕೊಂಡರೆ ಅಕ್ಕನದು?

ಈ ಮಾತು ಬಂದ ಕೂಡಲೇ ನೆಂಟರು ಒಬ್ಬೊಬ್ಬರಾಗಿ ಸಲಹೆ ಕೊಡಲು ಶುರು ಮಾಡಿದರು. "ಅವಳಿಗೆ ಮದುವೆ ಮಾಡಿ ಕೊಟ್ಟಾಗಿದೆಯಲ್ಲ. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು, ಒಂದು ರೇಷ್ಮೆ ಸೀರೆ ಉಡಿಸಿ, ಸಹಿ ಹಾಕಿಸ್ಕೊ." ನಮ್ಮ ಕಡೆ ಎಷ್ಟು ಮನೆಗಳಲ್ಲಿ ಹೀಗೇ ಆಗಿದೆಯೋ ಲೆಕ್ಕ ಇಲ್ಲ. ಹೇಳಿದವರು ಕೆಟ್ಟವರಲ್ಲ, ಅವರಿಗೂ ಅವರ ತವರಿನಲ್ಲಿ ಹಾಗೇ ಆಗಿದೆ. ಆದರೆ ನನ್ನ ಕಣ್ಣ ಮುಂದೆ 1999 ಇತ್ತು. ಮಹಡಿಗೆ ಮೋಲ್ಡ್ ಹಾಕುವ ಹೊತ್ತಿಗೆ ಅಪ್ಪನ ಕೈಯಲ್ಲಿ ದುಡ್ಡು ಮುಗಿದಿತ್ತು. ಆಗ ಅಕ್ಕ ಒಂದು ಶಾಲೆಯಲ್ಲಿ ಟೀಚರ್. ಎರಡು ವರ್ಷ ಕೂಡಿಟ್ಟ ಸಂಬಳದ ಪಾಸ್‌ಬುಕ್ಕನ್ನು ತಂದು ಅಪ್ಪನ ಕೈಗೆ ಕೊಟ್ಟಳು. ಕಾಂಕ್ರೀಟ್ ಹಾಕಿದ ದಿನ ಕೆಲಸದವರಿಗೆ ಅವಳೇ ಮಜ್ಜಿಗೆ ಕೊಟ್ಟು ಓಡಾಡಿದ್ದಳು. ಮರುವರ್ಷ ಅವಳ ಮದುವೆಯಾಯಿತು. ಆ ಮಹಡಿಯಲ್ಲಿ ಅವಳು ಒಂದು ವರ್ಷವೂ ಇರಲಿಲ್ಲ.

ನಾನು ಫೋನ್ ಮಾಡಿ ನೇರವಾಗಿ ಹೇಳಿದೆ: ಅಣ್ಣನಿಗೆ ಎಷ್ಟೋ ನಿನಗೂ ಅಷ್ಟೇ, ಒಂದು ರೂಪಾಯಿ ಕಡಿಮೆ ಇಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ತವರಿನಿಂದ ದುಡ್ಡು ತಗೊಂಡ್ರೆ ಬಾಗಿಲು ಮುಚ್ಚಿದ ಹಾಗೆ ಅಂತಾರೆ ಕಣೋ. ನನಗೇನೂ ಬೇಡ, ಸಹಿ ಹಾಕ್ಕೊಡ್ತೀನಿ" ಎಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳನ್ನು ಒಪ್ಪಿಸಿದ್ದು ಅಮ್ಮ. ಫೋನ್ ಕಸಿದುಕೊಂಡು, "ನಿನ್ನಪ್ಪ ಇದ್ದಿದ್ರೆ ಕೊಡ್ತಿದ್ರೋ ಇಲ್ವೋ ಹೇಳು" ಎಂದು ಕೇಳಿದರು, ಅಷ್ಟೇ.

ಬೆಲೆ ಗೊತ್ತು ಮಾಡುವುದು ನಾನು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ಅಣ್ಣ ಎಲ್ಲೋ ನೋಡಿದ ಜಾಹೀರಾತಿನ ಲೆಕ್ಕದಲ್ಲಿ 1 ಕೋಟಿ 40 ಲಕ್ಷ ಎಂದ. ನನ್ನ ಮನಸ್ಸಿನಲ್ಲಿ ಒಂದು ಕೋಟಿ ಇತ್ತು. ಕೊಳ್ಳುವವನು ನಾನಾದ್ದರಿಂದ ನನ್ನ ಅಂದಾಜನ್ನು ನಾನೇ ನಂಬುವ ಹಾಗಿರಲಿಲ್ಲ. ಕೊನೆಗೆ ಮೂವರೂ ಒಪ್ಪಿ ಒಬ್ಬ ಅಧಿಕೃತ ಮೌಲ್ಯಮಾಪಕರನ್ನು ಕರೆಸಿದೆವು. ಅವರು ಟೇಪ್ ಹಿಡಿದು ಎರಡು ಗಂಟೆ ಅಳೆದರು. ಜಾಗ 1200 ಚದರ ಅಡಿ, ಅಡಿಗೆ 8,000ದಂತೆ 96 ಲಕ್ಷ. ಹಳೆಯ ಕಟ್ಟಡಕ್ಕೆ ಸವಕಳಿ ಕಳೆದು 24 ಲಕ್ಷ. ಒಟ್ಟು 1 ಕೋಟಿ 20 ಲಕ್ಷ. ಅಂದರೆ ಒಂದು ಪಾಲಿಗೆ 30 ಲಕ್ಷ.

ಇಲ್ಲಿ ಒಂದು ಜಗಳ ಆಯಿತು, ಅದನ್ನೂ ಬರೆಯಬೇಕು. 2021ರಲ್ಲಿ ನಾನು ಮಹಡಿಯ ಸೋರಿಕೆ ಸರಿ ಮಾಡಿಸಿ, ಬಾತ್‌ರೂಂ ಹೊಸದು ಮಾಡಿಸಿ, ವೈರಿಂಗ್ ಬದಲಾಯಿಸಿದ್ದೆ. ಸುಮಾರು 6 ಲಕ್ಷ ಖರ್ಚಾಗಿತ್ತು. ಅದನ್ನು ಬೆಲೆಯಲ್ಲಿ ಕಳೆಯಬೇಕು ಎಂದೆ. ಅಣ್ಣ ಥಟ್ಟನೆ, "ಐದು ವರ್ಷ ಬಾಡಿಗೆ ಕೊಡದೆ ಇದ್ದೀಯಲ್ಲ, ಅದನ್ನ ಎಲ್ಲಿ ಕಳೆಯೋಣ?" ಎಂದ. ಎರಡು ವಾರ ಮಾತಾಡಲಿಲ್ಲ. ನನಗೆ ನೋವಾಗಿತ್ತು, ಯಾಕೆಂದರೆ ಅಪ್ಪನ ಕೊನೆಯ ದಿನಗಳ ಆಸ್ಪತ್ರೆ ಓಡಾಟವೆಲ್ಲ ನನ್ನ ತಲೆಯಲ್ಲಿತ್ತು. ಆಮೇಲೆ ಕೂತು ಯೋಚಿಸಿದಾಗ ಅವನ ಮಾತಿನಲ್ಲೂ ನ್ಯಾಯ ಕಂಡಿತು. ಮಹಡಿಯಂಥ ಮನೆಗೆ ನಮ್ಮ ಬೀದಿಯಲ್ಲಿ ಎಷ್ಟು ಬಾಡಿಗೆ ಎಂದು ನನಗೆ ಗೊತ್ತೇ ಇತ್ತು. ರಿಪೇರಿಯ ಖರ್ಚು ಬಾಡಿಗೆಗೆ ಸರಿಹೋಯಿತು ಎಂದು ಇಬ್ಬರೂ ಒಪ್ಪಿಕೊಂಡೆವು. ಆ ಮಾತನ್ನು ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿದೆವು. ನೀವೂ ಇಂಥ ಮಾತುಕತೆಗೆ ಕೂತರೆ ದಯವಿಟ್ಟು ಬರೆದಿಡಿ. ಬಾಯಿಮಾತು ವರ್ಷ ಕಳೆದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಥರ ನೆನಪಿರುತ್ತದೆ.

ಇನ್ನು ಸಾಲ. ಮೊದಲು ಹೋದ ಬ್ಯಾಂಕಿನಲ್ಲಿ ಅರ್ಧ ಗಂಟೆಯಲ್ಲೇ ಇಲ್ಲ ಎಂದರು. ಕುಟುಂಬದೊಳಗಿನ ಮಾರಾಟಕ್ಕೆ ಸಾಲ ಕೊಡುವುದಿಲ್ಲವಂತೆ. ಗೃಹಸಾಲಕ್ಕೆ ಬಡ್ಡಿ ಕಡಿಮೆ ಅಂತ ಕೆಲವರು ಮನೆಯವರ ನಡುವೆ ಸುಳ್ಳು ಮಾರಾಟ ತೋರಿಸಿ ದುಡ್ಡು ಎತ್ತುತ್ತಾರೆ, ಅದಕ್ಕೇ ಈ ಎಚ್ಚರಿಕೆ ಎಂದು ವಕೀಲರು ವಿವರಿಸಿದರು. ಎರಡನೇ ಬ್ಯಾಂಕಿನವರು ಕೇಳಿಸಿಕೊಂಡರು, ಆದರೆ ಮೂರು ಷರತ್ತು ಹಾಕಿದರು. ಪಾಲಿನ ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಯುವ ಹಕ್ಕು ಬಿಡುಗಡೆ ಪತ್ರ ಆಗುವುದಿಲ್ಲ, ಮಾರಾಟದ ಕ್ರಯಪತ್ರವೇ ಆಗಬೇಕು. ದುಡ್ಡು ಮಾರುವವರ ಬ್ಯಾಂಕ್ ಖಾತೆಗೇ ಹೋಗಬೇಕು. ಮತ್ತೆ, ಅಡಮಾನ ಇಡೀ ಮನೆಯದ್ದಾಗಬೇಕು, ಬರೀ ನನ್ನ ಪಾಲಿನದ್ದಲ್ಲ.

ಮೊದಲ ಷರತ್ತಿಗೆ ಬೆಲೆ ಜಾಸ್ತಿ. ಕುಟುಂಬದೊಳಗೆ ಹಕ್ಕು ಬಿಡುಗಡೆ ಮಾಡಿದರೆ ಮುದ್ರಾಂಕ ಶುಲ್ಕ ಕೆಲವೇ ಸಾವಿರ. ಕ್ರಯಪತ್ರಕ್ಕೆ ಶೇ. 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, ಜೊತೆಗೆ ನೋಂದಣಿ ಶುಲ್ಕ. 60 ಲಕ್ಷಕ್ಕೆ 3,36,000 ಮತ್ತು 60,000, ಒಟ್ಟು 3,96,000 ರೂಪಾಯಿ. ನಾವು ನೋಂದಣಿ ಮಾಡಿಸಿದ್ದು 2025ರ ಜುಲೈನಲ್ಲಿ, ಆಗ ನೋಂದಣಿ ಶುಲ್ಕ ಶೇ. 1 ಇತ್ತು. ಆಗಸ್ಟ್ 31ರಿಂದ ಅದು ಶೇ. 2 ಆಯಿತು. ಇನ್ನೆರಡು ತಿಂಗಳು ತಡವಾಗಿದ್ದರೆ ಮತ್ತೆ 60,000 ಹೋಗುತ್ತಿತ್ತು. ನಾಲ್ಕು ಲಕ್ಷ ಸುಮ್ನೆ ಹೋಗುತ್ತದಲ್ಲ ಎಂದು ಹೊಟ್ಟೆ ಉರಿದದ್ದು ನಿಜ. ಆದರೆ ಕ್ರಯಪತ್ರದಲ್ಲಿ ಇಷ್ಟು ದುಡ್ಡು ಇಂಥವರಿಗೆ ಸಂದಾಯವಾಗಿದೆ ಎಂದು ಬರೆದಿರುತ್ತದೆ. ಅಕ್ಕನ ಹೆಸರಿನ ಮುಂದೆ ಆ ಸಾಲು ಇರಬೇಕು ಅಂತ ನನಗೂ ಆಸೆ ಇತ್ತು.

ಮೂರನೇ ಷರತ್ತು ಅಮ್ಮನಿಗೆ ಸಂಬಂಧಿಸಿದ್ದು. "ಅಮ್ಮನ ಕಾಲು ಭಾಗಾನೂ ನಿಮ್ಮ ಹೆಸರಿಗೇ ಬರೆಸ್ಕೊಂಡುಬಿಡಿ ಸಾರ್, ಕೆಲಸ ಸಲೀಸಾಗುತ್ತೆ" ಎಂದು ಸಲಹೆ ಬಂತು. ಅಮ್ಮನೂ ತಯಾರಿದ್ದರು. ನಾನು ಒಪ್ಪಲಿಲ್ಲ. ಮೂವತ್ತೆಂಟು ವರ್ಷ ಆ ಮನೆ ನಡೆಸಿದವರು ಮಗನ ಮನೆಯಲ್ಲಿ ಇರುವವರಾಗಬಾರದು, ಅದು ಅವರ ಮನೆಯಾಗಿಯೇ ಇರಬೇಕು. ಬ್ಯಾಂಕಿನವರ ಜೊತೆ ಮತ್ತೆ ಮತ್ತೆ ಮಾತಾಡಿದ ಮೇಲೆ ದಾರಿ ಸಿಕ್ಕಿತು. ಅಮ್ಮನನ್ನು ಸಹ-ಅರ್ಜಿದಾರರಾಗಿ ಸೇರಿಸಿದರು, ಅವರ ಆದಾಯ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಡಮಾನಕ್ಕೆ ಅವರೂ ಸಹಿ ಹಾಕಿದರು. ಹಾಕುವ ಮೊದಲು ವಕೀಲರು ಅಮ್ಮನನ್ನು ಬೇರೆ ಕೂರಿಸಿಕೊಂಡು, ನಾನು ಸಾಲ ಕಟ್ಟದಿದ್ದರೆ ಅವರ ಪಾಲಿಗೂ ಕುತ್ತು ಬರುತ್ತದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿದರು. ನಾನೇ ಹಾಗೆ ಮಾಡಿ ಎಂದು ಕೇಳಿಕೊಂಡಿದ್ದೆ.

30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಬೆಲೆಯ ಶೇ. 80ರಷ್ಟು ಮಾತ್ರ ಕೊಡಬಹುದು ಎಂದು ರಿಸರ್ವ್ ಬ್ಯಾಂಕಿನ ನಿಯಮ. ನೋಂದಣಿ ಖರ್ಚು ಅದರಲ್ಲಿ ಸೇರುವುದಿಲ್ಲ. ನನಗೆ 45 ಲಕ್ಷ ಮಂಜೂರಾಯಿತು, ಶೇ. 8 ಬಡ್ಡಿ, 18 ವರ್ಷ. ಕೈಯಿಂದ 15 ಲಕ್ಷ ಮತ್ತು ನೋಂದಣಿಯ ನಾಲ್ಕು ಲಕ್ಷ ಹೊಂದಿಸಬೇಕು. ಪಿಎಫ್‌ನಿಂದ ತೆಗೆಯೋಣ ಎಂದುಕೊಂಡಿದ್ದೆ. ವಿಚಾರಿಸಿದರೆ, ಜಂಟಿ ಆಸ್ತಿಯ ಪಾಲು ಕೊಳ್ಳಲು ಆಗ ಪಿಎಫ್ ಮುಂಗಡ ಕೊಡುತ್ತಿರಲಿಲ್ಲ, ಗಂಡ-ಹೆಂಡತಿ ಜಂಟಿಯಾಗಿದ್ದರೆ ಮಾತ್ರ ಕೊಡುತ್ತಿದ್ದರು. ಅದನ್ನು ನಂಬಿಕೊಂಡು ಕೂತಿದ್ದ ನನಗೆ ಕಾಲ ಕೆಳಗಿನ ನೆಲ ಕುಸಿದಂತಾಯಿತು. ಎಫ್‌ಡಿ ಮುರಿಸಿದೆ, ಚೀಟಿ ಕೂಗಿ ಎತ್ತಿದೆ, ಕಡಿಮೆ ಬಿದ್ದದ್ದಕ್ಕೆ ಹೆಂಡತಿ ತನ್ನ ಉಳಿತಾಯ ಕೊಟ್ಟಳು.

ಕಾಗದ ಪತ್ರದ ಕೆಲಸಕ್ಕೆ ಐದು ತಿಂಗಳು ಹಿಡಿಯಿತು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಸಾಲಗಳನ್ನು ತೋರಿಸುವ ಋಣಭಾರ ಪತ್ರ. 2004ರ ಏಪ್ರಿಲ್‌ನಿಂದ ಈಚಿನ ಋಣಭಾರ ಪತ್ರ ಆನ್‌ಲೈನಿನಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ನೋಂದಣಿ ಕಚೇರಿಗೆ ಹೋಗಿ ಅರ್ಜಿ ಹಾಕಬೇಕು. ಅಪ್ಪನ ಹೆಸರು ಸೈಟಿನ ಹಂಚಿಕೆ ಪತ್ರದಲ್ಲಿ ಎರಡು ಇನಿಶಿಯಲ್ ಜೊತೆ, ಖಾತೆಯಲ್ಲಿ ಒಂದೇ ಇನಿಶಿಯಲ್ ಜೊತೆ. ಇಬ್ಬರೂ ಒಬ್ಬರೇ ಎಂದು ನಾವು ನಾಲ್ವರೂ ಅಫಿಡವಿಟ್ ಮಾಡಿಕೊಟ್ಟೆವು. ಈಗ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಹಾಗಾಗಿ ಮೊದಲು ಅಪ್ಪನ ಹೆಸರಿನಿಂದ ನಾಲ್ವರ ಹೆಸರಿಗೆ ಖಾತೆ ಆಗಬೇಕಿತ್ತು.

ಆ ಖಾತೆ ಬಂದ ದಿನ ಅಕ್ಕನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ಮುಂದಿನ ವಾರ ಬಂದಾಗ ಅಸಲಿ ಪ್ರತಿ ಕೈಗೆ ತೆಗೆದುಕೊಂಡಳು. ಮಾಲೀಕರು ಎನ್ನುವ ಕಡೆ ಎರಡನೇ ಸಾಲಿನಲ್ಲಿ ಅವಳ ಹೆಸರು. ಬೆರಳಿಟ್ಟು ಓದಿದಳು. "ಆಸ್ತಿ ಕಾಗದದ ಮೇಲೆ ನನ್ನ ಹೆಸರು ನೋಡ್ತಿರೋದು ಇದೇ ಮೊದಲು" ಎಂದು ಕನ್ನಡಕ ತೆಗೆದು ಒರೆಸಿಕೊಂಡು ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡಳು. ಐವತ್ತು ವರ್ಷದ ಅಕ್ಕ! ನನಗೆ ಗಂಟಲು ಕಟ್ಟಿತು. "ಮಾರೋದು ಬೇಡ ಅನ್ಸಿದ್ರೆ ಈಗ್ಲೂ ಹೇಳು, ನಿನ್ನ ಪಾಲು ಹಾಗೇ ಇರಲಿ" ಎಂದೆ. ಅವಳು ತಲೆ ಅಲ್ಲಾಡಿಸಿದಳು. ಅವಳ ಮಗಳ ಓದು ಮುಂದಿದೆ, ಅವರದ್ದು ಇನ್ನೂ ಬಾಡಿಗೆ ಮನೆ. ದುಡ್ಡು ಅವಳಿಗೆ ನಿಜವಾಗಿ ಬೇಕಿತ್ತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಕೇಳಿರಲಿಲ್ಲ.

ಬ್ಯಾಂಕಿನ ಇಂಜಿನಿಯರ್ ಬಂದು ನೋಡಿ, ಮಹಡಿಗೆ ಮಂಜೂರಾದ ನಕ್ಷೆ ಎಲ್ಲಿ ಎಂದು ಕೇಳಿದರು. ನಕ್ಷೆ ಇಲ್ಲದಿದ್ದರೆ ಮಹಡಿಯನ್ನು ಬೆಲೆಯಲ್ಲಿ ಹಿಡಿಯುವುದಿಲ್ಲ, ಸಾಲವೂ ಕಡಿಮೆಯಾಗುತ್ತದೆ. ಬೀರು, ಅಟ್ಟ, ಅಪ್ಪನ ಫೈಲುಗಳು, ಎಲ್ಲಾ ಹುಡುಕಿದೆವು. ಹತ್ತು ದಿನ ಸಿಗಲಿಲ್ಲ. ಕೊನೆಗೆ ಅಮ್ಮನಿಗೆ ಏನೋ ನೆನಪಾಗಿ ದಸರಾ ಗೊಂಬೆಗಳ ಟ್ರಂಕು ಇಳಿಸು ಎಂದರು. ಪಟ್ಟದ ಗೊಂಬೆಗಳನ್ನು ಹಳೆ ಪಂಚೆಯಲ್ಲಿ ಸುತ್ತಿಟ್ಟಿದ್ದರು. ಒಂದೊಂದಾಗಿ ಹೊರಗೆ ತೆಗೆದೆವು. ತಳದಲ್ಲಿ ನುಸಿಗುಳಿಗೆಯ ಕೆಳಗೆ ಮಡಿಸಿ ಹಾಸಿದ ದಪ್ಪ ಕಾಗದ. ಬಿಚ್ಚಿದರೆ ನೀಲಿ ನಕ್ಷೆ, ಮೂಲೆಯಲ್ಲಿ ಮಂಜೂರಾತಿಯ ಸೀಲು, 1998. ಗೊಂಬೆಗಳಿಗೆ ತೇವ ತಾಗದಿರಲಿ ಎಂದು ಅಮ್ಮ ಹಾಸಿದ್ದರು. ಇಪ್ಪತ್ತೈದು ವರ್ಷ ಪ್ರತಿ ನವರಾತ್ರಿಗೂ ಅದನ್ನು ನಾನು ನೋಡಿದ್ದೆ. ಮಡಿಕೆಯಲ್ಲಿ ಸ್ವಲ್ಪ ಹರಿದಿತ್ತು, ಸೀಲು ಮಾತ್ರ ಸ್ಪಷ್ಟವಾಗಿತ್ತು.

ತೆರಿಗೆಯ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದೆ. ಬೆಲೆ ಮಾತಾಡುವಾಗ ಮಾರುವವರಿಗೆ ಬೀಳುವ ಬಂಡವಾಳ ಲಾಭದ ತೆರಿಗೆ ನನಗೆ ಹೊಳೆಯಲಿಲ್ಲ. ಆಡಿಟರ್ ಲೆಕ್ಕ ಹಾಕಿದರು. 2001ರ ಏಪ್ರಿಲ್ 1ರ ಬೆಲೆಯನ್ನು ಮೂಲ ಬೆಲೆ ಎಂದು ಹಿಡಿದು, ಶೇ. 12.5ರ ದರದಲ್ಲಿ ಇಬ್ಬರಿಗೂ ತಲಾ ಸುಮಾರು ಮೂರೂವರೆ ಲಕ್ಷ ಬರುತ್ತಿತ್ತು. ಅಣ್ಣ ಹೊಸ ಫ್ಲ್ಯಾಟಿಗೆ ಹಾಕುವುದರಿಂದ ಅವನಿಗೆ ವಿನಾಯಿತಿ ಇತ್ತು. ಅಕ್ಕ ಈ ತೆರಿಗೆ ಉಳಿಸುವ 54ಇಸಿ ಬಾಂಡು ಕೊಂಡಳು. ಆರು ತಿಂಗಳೊಳಗೆ ಕೊಳ್ಳಬೇಕು, ಐದು ವರ್ಷ ಮುಟ್ಟುವ ಹಾಗಿಲ್ಲ. ಅವಳಿಗೆ ಕೂಡಲೇ ಕೈಗೆ ಬೇಕಿದ್ದ ಸ್ವಲ್ಪ ದುಡ್ಡನ್ನು ಮಾತ್ರ ಹೊರಗಿಟ್ಟು, ಅಷ್ಟಕ್ಕೆ ತೆರಿಗೆ ಕಟ್ಟಿದಳು. ಇದನ್ನು ಮೊದಲೇ ಅವರಿಗೆ ಹೇಳಬೇಕಾದದ್ದು ನನ್ನ ಕರ್ತವ್ಯವಾಗಿತ್ತು. ಟಿಡಿಎಸ್ ಬೇರೆ ಇದೆ, ಅಂದರೆ ಕೊಳ್ಳುವವರು ಬೆಲೆಯಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಒಬ್ಬೊಬ್ಬರಿಗೆ 30 ಲಕ್ಷವಾದ್ದರಿಂದ ಬೇಕಿಲ್ಲ ಎಂದುಕೊಂಡಿದ್ದೆ. 2024ರ ಅಕ್ಟೋಬರ್‌ನಿಂದ ಮಾರುವವರು ಎಷ್ಟೇ ಜನ ಇದ್ದರೂ ಒಟ್ಟು ಬೆಲೆ 50 ಲಕ್ಷ ಮುಟ್ಟಿದರೆ ಶೇ. 1 ಹಿಡಿಯಲೇಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ 26ಕ್ಯೂಬಿ ಫಾರಂ ತುಂಬಿ ತಲಾ 30,000 ಕಟ್ಟಿದೆ.

ನೋಂದಣಿಯ ದಿನ ಎಲ್ಲರೂ ಬೆಳಿಗ್ಗೆಯೇ ಸೇರಿದೆವು. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಪತ್ರ ಮೊದಲೇ ಅಪ್‌ಲೋಡ್ ಆಗಿ ಶುಲ್ಕವೂ ಕಟ್ಟಿದ್ದರಿಂದ ಒಳಗೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಬ್ಯಾಂಕಿನವರು ಎರಡು ಡಿಡಿ ತಂದಿದ್ದರು, ತಲಾ 22,50,000. ನನ್ನ ಕಡೆಯಿಂದ ತಲಾ 7,20,000 ಹಿಂದಿನ ದಿನವೇ ಅವರ ಖಾತೆಗೆ ಹೋಗಿತ್ತು. ಅಧಿಕಾರಿ ಅಕ್ಕನನ್ನು ಕೇಳಿದರು, "ಬರೆದಿರೋದು ಓದಿದ್ದೀರಾಮ್ಮ? ದುಡ್ಡು ಬಂತಾ?" ಅಕ್ಕ ಗಟ್ಟಿಯಾಗಿ "ಬಂತು" ಎಂದಳು. ಹೆಬ್ಬೆಟ್ಟಿನ ಗುರುತು ಕೊಟ್ಟು, ಕ್ಯಾಮೆರಾ ನೋಡಿ, ಎದ್ದಳು. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಕೇಳಿದಳು: "ಇನ್ಮೇಲೆ ನಾನು ಈ ಮನೆಗೆ ನೆಂಟಳಾ?"

ಅಣ್ಣ ಅವಳ ಹೆಗಲ ಮೇಲೆ ಕೈ ಹಾಕಿದ. ನನಗೆ ಮಾತು ಹೊರಡಲಿಲ್ಲ. ಮನೆಗೆ ಬಂದ ಮೇಲೆ ಮಹಡಿಯ ರೂಮಿನ ಬೀಗದ ಕೈ ತಂದು ಅವಳ ಬ್ಯಾಗಿಗೆ ಹಾಕಿದೆ. ಮದುವೆಗೆ ಮುಂಚೆ ಅವಳು ಮಲಗುತ್ತಿದ್ದ ರೂಮು ಅದು.

ಮುಂದಿನ ವಾರ ಮೂಲ ಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿದೆ. ಅಪ್ಪನ ಸಹಿ ಇರುವ 1984ರ ಹಂಚಿಕೆ ಪತ್ರ ಕೊಡುವಾಗ ಕೈ ಹಿಂಜರಿಯಿತು. ಸಾಲ ತೀರಿದ 30 ದಿನದೊಳಗೆ ಅವರು ಅದನ್ನು ವಾಪಸ್ ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು ನಿಯಮ ಮಾಡಿದೆ. ಕೊಟ್ಟ ಪ್ರತಿಯೊಂದು ಹಾಳೆಯ ಪಟ್ಟಿಗೂ ಸೀಲು ಹಾಕಿಸಿಕೊಂಡು ಬಂದೆ. ಮೊದಲ ಕಂತು 39,373 ರೂಪಾಯಿ. ಅದರಲ್ಲಿ 30,000 ಬರೀ ಬಡ್ಡಿ. ಆ ಅಂಕಿ ನೋಡಿ ಎದೆ ಧಸಕ್ಕೆಂದಿತು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮೊದಲೇ ಕಟ್ಟಿದರೆ ದಂಡ ಇಲ್ಲ. ಬೋನಸ್ ಬಂದಾಗೆಲ್ಲ ಅಸಲಿಗೆ ಹಾಕೋಣ ಎಂದು ನಾನೂ ಹೆಂಡತಿಯೂ ಮಾತಾಡಿಕೊಂಡಿದ್ದೇವೆ.

ಆಗಸ್ಟ್ 26ಕ್ಕೆ ಗೌರಿ ಹಬ್ಬ. ಬಾಗಿನ ತೆಗೆದುಕೊಂಡು ನಾನೇ ಹಾಸನಕ್ಕೆ ಹೋಗುವುದು ಪ್ರತಿ ವರ್ಷದ ರೂಢಿ. ಈ ಸಲ ಅಕ್ಕನೇ ಹಿಂದಿನ ರಾತ್ರಿ ಬಸ್ಸಿನಲ್ಲಿ ಬಂದಿಳಿದಳು. ನಾವೆಲ್ಲ ಮಲಗಿದ್ದೆವು. ಕಾಲಿಂಗ್ ಬೆಲ್ ಮಾಡಲಿಲ್ಲ. ಹೊರಗಿನ ಮೆಟ್ಟಿಲು ಹತ್ತಿ, ತನ್ನ ಕೈಯಲ್ಲಿದ್ದ ಬೀಗದ ಕೈಯಿಂದ ಮಹಡಿಯ ಬಾಗಿಲು ತೆಗೆದು ಮಲಗಿಬಿಟ್ಟಿದ್ದಳು. ಬೆಳಿಗ್ಗೆ ನಾನು ಎದ್ದಾಗ ಅಡುಗೆಮನೆಯಲ್ಲಿ ಅವಳೂ ಅಮ್ಮನೂ ಹೋಳಿಗೆಗೆ ಬೇಳೆ ಬೇಯಿಸುತ್ತಿದ್ದರು.